ಮಳೆಯ ಗರ

2023ರ ಏಪ್ರಿಲ್ 11ರಂದು ಭಾರತೀಯ ಹವಾಮಾನ ಇಲಾಖೆ ಆ ವರ್ಷದ ಮುಂಗಾರಿನ ಮೊದಲ ಮುನ್ಸೂಚನೆ ಕೊಟ್ಟಿತು. ಮರುದಿನ ಊರೂರಿನಲ್ಲಿ ಬಾಯಿಂದ ಬಾಯಿಗೆ ಹೋದದ್ದು ಒಂದೇ ಅಂಕಿ: ಈ ಸಲ ಶೇ 96, ವಾಡಿಕೆ ಮಳೆ. ಬಿತ್ತನೆ ಬೀಜದ ಖರೀದಿ, ಸೊಸೈಟಿ ಸಾಲ, ಬೋರ್‌ವೆಲ್ ಈ ವರ್ಷ ಕೊರೆಸುವುದೋ ಮುಂದಿನ ವರ್ಷಕ್ಕೆ ಬಿಡುವುದೋ ಎಂಬ ಮನೆಯೊಳಗಿನ ಚರ್ಚೆ, ಎಲ್ಲವೂ ಆ ಒಂದು ಅಂಕಿಯ ಸುತ್ತ ನಡೆದವು. ಸೆಪ್ಟೆಂಬರ್ ಮುಗಿದ ಮೇಲೆ ಲೆಕ್ಕ ಹಾಕಿದಾಗ ದೇಶಕ್ಕೆ ಬಿದ್ದ ಮಳೆ ಶೇ 94. ಶೇ 5ರಷ್ಟು ಹೆಚ್ಚು ಕಡಿಮೆ ಆಗಬಹುದೆಂದು ಇಲಾಖೆ ಮೊದಲೇ ಹೇಳಿತ್ತು. ಆ ಲೆಕ್ಕಕ್ಕೆ ಮುನ್ಸೂಚನೆ ಸರಿಯಾಗಿಯೇ ಬಂತು. ಆದರೆ ಅದೇ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅವುಗಳಲ್ಲಿ 196 ತೀವ್ರ ಬರದವು.

ಇಲಾಖೆ ತಪ್ಪು ಹೇಳಿರಲಿಲ್ಲ. ನಾವು ಪೂರ್ತಿ ಓದಿರಲಿಲ್ಲ. ಶೇ 96 ಎಂಬ ಅಂಕಿಯ ಕೆಳಗೆ ಇನ್ನೂ ಐದು ಅಂಕಿಗಳಿದ್ದವು. ಮಳೆ ಶೇ 90ಕ್ಕಿಂತ ಕಡಿಮೆಯಾಗಿ ಕೊರತೆಯಾಗುವ ಸಂಭವ ನೂರಕ್ಕೆ 22. ಶೇ 90ರಿಂದ 95ರ ನಡುವೆ, ವಾಡಿಕೆಗಿಂತ ಕಡಿಮೆಯಾಗುವ ಸಂಭವ 29. ಶೇ 96ರಿಂದ 104ರ ವಾಡಿಕೆ ಮಳೆಗೆ 35. ವಾಡಿಕೆಗಿಂತ ಹೆಚ್ಚಿಗೆ 11, ಅತಿ ಹೆಚ್ಚಿಗೆ 3. ಮೊದಲ ಎರಡನ್ನು ಕೂಡಿ ನೋಡಿ: 51. ಮಳೆ ವಾಡಿಕೆಗಿಂತ ಕೆಳಗೆ ಉಳಿಯುವ ಸಂಭವ ಅರ್ಧಕ್ಕಿಂತ ಒಂದು ಕೂದಲು ಹೆಚ್ಚೇ ಎಂದು ಸರ್ಕಾರಿ ಪ್ರಕಟಣೆಯೇ ಹೇಳಿತ್ತು. ಜನರ ಕಿವಿಗೆ ಬಿದ್ದದ್ದು ‘ವಾಡಿಕೆ ಮಳೆ’.

ಆ ಐದು ಅಂಕಿಗಳಿಗೆ ಗಣಿತದಲ್ಲಿ ಸಂಭವನೀಯತೆಯ ವಿತರಣೆ ಎಂದು ಹೆಸರು. ಇನ್ನೂ ಬೀಳದ, ಎಷ್ಟು ಬೀಳುತ್ತದೆಂದು ಯಾರಿಗೂ ತಿಳಿಯದ ಮಳೆಯ ಪ್ರಮಾಣಕ್ಕೆ ಯಾದೃಚ್ಛಿಕ ಚಲಕ ಎಂದು ಹೆಸರು. ಪಿಯುಸಿ, ಪದವಿ ತರಗತಿಗಳ ಪಾಠವಾಗಿ, ಪರೀಕ್ಷೆ ಮುಗಿದ ಕೂಡಲೇ ಮರೆತುಹೋಗುವ ಈ ಎರಡು ಪದಗಳು ನಮ್ಮ ಹೊಲ, ವಿಮೆ, ಸಾಲಗಳಿಗೆ ಎಷ್ಟು ಹತ್ತಿರದವು ಎಂದು ಹೇಳಲೆಂದೇ ಈ ಬರಹ. ಪದಗಳು ಒರಟು, ನಿಜ. ವಿಷಯವನ್ನು ಮಾತ್ರ ನಾವೆಲ್ಲ ಪಡಸಾಲೆಯಲ್ಲಿ ಕೂತು ಆಡಿದ್ದೇವೆ.

ನಮ್ಮಜ್ಜಿ ಚೌಕಾಬಾರಾ ಆಡಲು ಕೂತರೆ ತನ್ನದೇ ಕವಡೆ ಬೇಕೆನ್ನುತ್ತಿದ್ದಳು. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಐದೈದು ಇಪ್ಪತ್ತೈದು ಮನೆ ಬರೆದು, ಸೆರಗಿನ ಗಂಟಿನಿಂದ ನಾಲ್ಕು ಕವಡೆ ತೆಗೆಯುವಳು. ನಾವು ಮಕ್ಕಳು ಹುಣಸೆಬೀಜವನ್ನು ಜಗಲಿ ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬಿಳಿ ಮಾಡಿಕೊಂಡು ಬಂದರೆ ಅವಳು ಮುಟ್ಟುತ್ತಿರಲಿಲ್ಲ. ಬಾಯಿ ಮೇಲಾದ ಕವಡೆಗಳನ್ನು ಎಣಿಸುವುದು ನಮ್ಮ ಮನೆಯ ನಿಯಮ. ಒಂದು, ಎರಡು, ಮೂರು. ನಾಲ್ಕೂ ಬಾಯಿ ಮೇಲಾದರೆ ಚೌಕ. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಚೌಕಕ್ಕೂ ಬಾರಕ್ಕೂ ಇನ್ನೊಂದು ಗರ ಉಂಟು.

ಒಂದೊಂದು ಕವಡೆ ಎರಡು ಬಗೆಯಲ್ಲಿ ಬೀಳಬಹುದಾದ್ದರಿಂದ ನಾಲ್ಕು ಕವಡೆ ಬೀಳುವ ಬಗೆ ಒಟ್ಟು 16. ಆಟಗಾರನಿಗೆ ಬೇಕಾದದ್ದು ಯಾವ ಕವಡೆ ಹೇಗೆ ಬಿತ್ತು ಎಂಬುದಲ್ಲ, ಗರ ಎಷ್ಟು ಎಂಬುದು. 16 ಬಗೆಗಳಿಗೆ 1, 2, 3, 4, 8 ಎಂಬ ಐದೇ ಅಂಕಿಗಳನ್ನು ಕಟ್ಟಿಕೊಡುವ ಆ ಮನೆನಿಯಮವೇ ಯಾದೃಚ್ಛಿಕ ಚಲಕ. ಪಕ್ಕದ ಮನೆಯವರು ಬೋರಲು ಬಿದ್ದವನ್ನು ಎಣಿಸಿದರೆ ಕವಡೆ ಅವೇ, ಚಲಕ ಬೇರೆ. ರಷ್ಯಾದ ಕೊಲ್ಮೊಗೊರೊವ್ 1933ರಲ್ಲಿ ಸಂಭವನೀಯತೆಗೆ ಗಟ್ಟಿಯಾದ ಅಡಿಪಾಯ ಹಾಕಿದಾಗ ಈ ವಿಚಾರವನ್ನೇ ಗಣಿತದ ಭಾಷೆಯಲ್ಲಿ ಬರೆದಿಟ್ಟರು: ಆಗುಹೋಗುಗಳ ಒಂದು ಪಟ್ಟಿ, ಅದರ ಒಂದೊಂದಕ್ಕೂ ಅಂಕಿ ಕೊಡುವ ಒಂದು ನಿಯಮ.

ಕವಡೆಗಳು ಎರಡೂ ಕಡೆಗೆ ಸಮನಾಗಿ ಬೀಳುವಂಥವಾದರೆ 16 ಬಗೆಗಳು ಹೀಗೆ ಹಂಚಿಕೊಳ್ಳುತ್ತವೆ: ಒಂದೂ ಬಾಯಿ ಮೇಲಾಗದ್ದು 1, ಒಂದು ಮೇಲಾಗುವುದು 4, ಎರಡು ಮೇಲಾಗುವುದು 6, ಮೂರು 4, ನಾಲ್ಕೂ 1. ಈ 1, 4, 6, 4, 1 ಎಂಬ ಸಾಲು ಬೇರೊಂದು ದಾರಿಯಿಂದ ನಮಗೆ ಹಳೆಯ ಪರಿಚಯ. ನಾಲ್ಕು ಅಕ್ಷರದ ಪಾದದಲ್ಲಿ ಲಘು ಗುರುಗಳನ್ನು ಎಷ್ಟು ಬಗೆಯಲ್ಲಿ ಇಡಬಹುದು ಎಂಬುದು ಛಂದಸ್ಸಿನ ಪ್ರಶ್ನೆ. ಪಿಂಗಲನ ಛಂದಃಸೂತ್ರಕ್ಕೆ ಹತ್ತನೆಯ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ಅದಕ್ಕೆ ಮೇರುಪ್ರಸ್ತಾರವನ್ನು ವಿವರಿಸಿದ. ಯುರೋಪು ಅದನ್ನು ಪಾಸ್ಕಲನ ತ್ರಿಕೋನ ಎಂದು ಕರೆದದ್ದು ಎಷ್ಟೋ ಕಾಲದ ಮೇಲೆ. ಪ್ರೌಢಶಾಲೆಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿ ಅಂಕ ಗಳಿಸಿದವರೆಲ್ಲ ಈ ಮೇರುವಿನ ಬುಡದಲ್ಲೇ ಓಡಾಡಿದವರು. ಲಘುವಿನ ಜಾಗಕ್ಕೆ ಬೋರಲು ಕವಡೆ, ಗುರುವಿನ ಜಾಗಕ್ಕೆ ಬಾಯಿ ಮೇಲಾದ ಕವಡೆ ಇಟ್ಟರೆ ಲೆಕ್ಕ ಒಂದೇ.

ಆ ಸಾಲಿನ ಯಾವ ಅಂಕಿಯನ್ನಾದರೂ ಮೇರುವನ್ನು ಬರೆಯದೆ ನೇರವಾಗಿ ಪಡೆಯುವ ಸಾಮಾನ್ಯ ಸೂತ್ರ ಕೊಟ್ಟವರು ಕನ್ನಡ ನಾಡಿಗೆ ಸೇರಿದವರು ಎಂಬುದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಅಮೋಘವರ್ಷ ನೃಪತುಂಗನನ್ನು ಹೊಗಳಿ ಗ್ರಂಥ ಆರಂಭಿಸಿದ ಮಹಾವೀರಾಚಾರ್ಯರು ಕ್ರಿ.ಶ. 850ರ ಸುಮಾರಿಗೆ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಅದು ಇದೆ. ಅವರ ಒಂದು ಲೆಕ್ಕ ಅಡುಗೆಮನೆಯದು. ಆರು ರಸಗಳಲ್ಲಿ ಒಂದೊಂದನ್ನು, ಎರಡೆರಡನ್ನು, ಮೂರು ಮೂರನ್ನು, ಹೀಗೆ ಆರರವರೆಗೂ ಬೆರೆಸಿದರೆ ಎಷ್ಟು ರುಚಿಗಳು? 6, 15, 20, 15, 6, 1, ಒಟ್ಟು 63. ಯುಗಾದಿಯ ದಿನ ಎರಡು ರಸ ಬೆರೆಸಿ ತಿನ್ನುವ ನಾಡಿಗೆ ಹೊಂದುವ ಲೆಕ್ಕ. ಮಹಾವೀರರು ಎಣಿಸಿದರು, ಎಣಿಕೆಗೆ ಸಂಭವದ ತೂಕ ಕಟ್ಟುವ ಕೆಲಸ ಬೇರೆ ಕಡೆ, ಬೇರೆ ಕಾಲದಲ್ಲಿ ಆಯಿತು. ಫ್ರಾನ್ಸಿನಲ್ಲಿ ಪಾಸ್ಕಲ್, ಫರ್ಮಾ 1654ರಲ್ಲಿ ಜೂಜಿನ ಪಣ ಹಂಚುವ ಬಗ್ಗೆ ಪತ್ರ ಬರೆದುಕೊಂಡರು. ಯಾಕೋಬ್ ಬರ್ನೂಲಿಯ ಗ್ರಂಥ 1713ರಲ್ಲಿ ಬಂತು. ನಾಲ್ಕರ ಬದಲು ನಾನೂರು ಕವಡೆ ಎಸೆದರೆ ಆ ಸಾಲು ಗಂಟೆಯ ಆಕಾರದ ನುಣುಪಾದ ರೇಖೆಗೆ ಹತ್ತಿರವಾಗುತ್ತದೆ ಎಂಬುದನ್ನು 1733ರಲ್ಲಿ ಡಿ ಮೊವಾವ್ರ ತೋರಿಸಿದ. ಇಷ್ಟು ಇತಿಹಾಸ ಸಾಕು. ಅಜ್ಜಿಯ ಕವಡೆಗೆ ಮರಳೋಣ. ನನಗೆ ಬೇಕಾದ ಗುಟ್ಟು ಅಲ್ಲೇ ಇದೆ.

ಸಮನಾಗಿ ಬೀಳುವ ಕವಡೆಯಲ್ಲಿ ಒಂದು ಗರದ ಸರಾಸರಿ ಎರಡೂವರೆ. ಎರಡೂವರೆ ಎಂಬ ಗರ ಎಂದೂ ಬೀಳುವುದಿಲ್ಲ; ನೂರಾರು ಸಲ ಎಸೆದು ಹಂಚಿದಾಗ ಬರುವ ಅಂಕಿ ಅದು. ಆದರೆ ನಿಜವಾದ ಕವಡೆಯ ಬೆನ್ನು ಗುಂಡಗೆ, ಬಾಯಿಯ ಕಡೆ ಚಪ್ಪಟೆ. ಅದು ಎರಡೂ ಕಡೆಗೆ ಸಮನಾಗಿ ಬೀಳಬೇಕೆಂಬ ಕಟ್ಟಳೆಯೇನೂ ಇಲ್ಲ. ಒಂದು ಜೊತೆ ಕವಡೆಯಲ್ಲಿ ಬಾಯಿ ಮೇಲಾಗುವ ಸಂಭವ ನೂರಕ್ಕೆ 40, ಇನ್ನೊಂದು ಜೊತೆಯಲ್ಲಿ 60 ಎಂದಿಟ್ಟುಕೊಂಡು ಲೆಕ್ಕ ಮಾಡಿ. ಮೊದಲ ಜೊತೆಯ ಸರಾಸರಿ ಗರ 2.64. ಎರಡನೆಯದರದು 2.60. ಸರಾಸರಿಯನ್ನಷ್ಟೇ ನೋಡುವವನಿಗೆ ಎರಡೂ ಒಂದೇ. ಆದರೆ ಮೊದಲ ಜೊತೆಯಲ್ಲಿ ಬಾರ ಬೀಳುವುದು ನೂರಕ್ಕೆ ಸುಮಾರು 13 ಸಲ. ಎರಡನೆಯದರಲ್ಲಿ ಎರಡೂವರೆ ಸಲ. ಒಂದರಲ್ಲಿ ಚೌಕ ಅಪರೂಪ, ಇನ್ನೊಂದರಲ್ಲಿ ಬಾರ ಅಪರೂಪ. ಎಂಟು ಮನೆ ಮುಂದಿರುವ ಕಾಯಿಯನ್ನು ಕಡಿಯಬೇಕಾದಾಗ, ಗರಕ್ಕಾಗಿ ಕಾದು ಕೂತಾಗ, ಈ ವ್ಯತ್ಯಾಸವೇ ಆಟ. ಅಜ್ಜಿಗೆ ವಿತರಣೆ ಎಂಬ ಪದ ಗೊತ್ತಿರಲಿಲ್ಲ. ಯಾವ ಕವಡೆ ಯಾವ ಗರವನ್ನು ಎಷ್ಟು ಸಲ ಕೊಡುತ್ತದೆ ಎಂಬುದು ಅವಳ ಅಂಗೈಗೆ ಗೊತ್ತಿತ್ತು. ತನ್ನ ಕವಡೆಯೇ ಬೇಕೆಂಬ ಹಟವನ್ನು ನಾನು ಈಗ ಅರ್ಥ ಮಾಡಿಕೊಳ್ಳುವುದು ಹಾಗೆ.

ಮಳೆಯೂ ಹಾಗೆಯೇ. ಹವಾಮಾನ ಇಲಾಖೆ ಅಳೆಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡೀ ದೇಶಕ್ಕೆ ಬಿದ್ದ ಮಳೆಯನ್ನು. 1971ರಿಂದ 2020ರವರೆಗಿನ 50 ವರ್ಷಗಳ ಸರಾಸರಿ 87 ಸೆಂಟಿಮೀಟರ್. ಅದನ್ನೇ ನೂರು ಎಂದಿಟ್ಟುಕೊಂಡು 96, 94 ಎನ್ನುವುದು. ಈ ಅಂಕಿಯಲ್ಲಿ ಆಗುಂಬೆಯೂ ಇದೆ, ಚಳ್ಳಕೆರೆಯೂ ಇದೆ, ಚಿರಾಪುಂಜಿಯೂ ಜೈಸಲ್ಮೇರ್ ಕೂಡ ಇದೆ. 2023ರ ತಿಂಗಳುಗಳನ್ನೇ ಬಿಡಿಸಿ ನೋಡಿ. ದೇಶದ ಲೆಕ್ಕದಲ್ಲಿ ಜೂನ್ ವಾಡಿಕೆಗಿಂತ ಕಡಿಮೆ, ಜುಲೈ ಶೇ 13 ಹೆಚ್ಚು, ಆಗಸ್ಟ್ ಶೇ 36 ಕಡಿಮೆ, ಸೆಪ್ಟೆಂಬರ್ ಮತ್ತೆ ಶೇ 13 ಹೆಚ್ಚು. 1901ರಿಂದ ದಾಖಲೆ ಇರುವ ಆಗಸ್ಟ್‌ಗಳಲ್ಲೆಲ್ಲ ಅತಿ ಒಣಗಿದ ಆಗಸ್ಟ್ ಅದು. ಜುಲೈಯ ಹೆಚ್ಚಳ ಆಗಸ್ಟಿನ ಕೊರತೆಯನ್ನು ಕಾಗದದ ಮೇಲೆ ಒಂದಷ್ಟು ತುಂಬಿಕೊಟ್ಟಿತು. ತೆನೆ ಕಟ್ಟುವ ಹೊತ್ತಿಗೆ ನೀರಿಲ್ಲದೆ ಬಾಡಿದ ಪೈರಿಗೆ ಅದು ತುಂಬಿಕೊಡಲಾರದು.

ಹಳ್ಳಿಯ ರೈತ ಮಳೆಯನ್ನು ಎಂದೂ ನಾಲ್ಕು ತಿಂಗಳ ಮೊತ್ತವಾಗಿ ಎಣಿಸಿದವನಲ್ಲ. ರೋಹಿಣಿ ಬಂತೇ, ಮೃಗಶಿರ ಕೈಕೊಟ್ಟಿತೇ, ಆರಿದ್ರಾ ಹೇಗೆ, ಆಶ್ಲೇಷ ಮಘೆ ಏನಾದವು ಎಂದು ಹದಿಮೂರು ಹದಿನಾಲ್ಕು ದಿನಗಳ ತುಂಡು ತುಂಡಾಗಿ ಕೇಳುತ್ತಾನೆ. ಒಂದೊಂದು ಮಳೆಗೂ ಅದರದೇ ನಡವಳಿಕೆ ಉಂಟೆಂದು ಅವನಿಗೆ ಗೊತ್ತು. ನಕ್ಷತ್ರಕ್ಕೂ ಮೋಡಕ್ಕೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಸೂರ್ಯನ ಚಲನೆಯ ಮೇಲೆ ಕಟ್ಟಿದ ಆ ಪಂಚಾಂಗ ವರ್ಷವನ್ನು ಸರಿಯಾದ ಅಳತೆಯ ತುಂಡುಗಳಾಗಿ ಕತ್ತರಿಸುತ್ತದೆ ಎಂದಷ್ಟೇ ನನ್ನ ಮಾತು. 2023ರಲ್ಲಿ ಕೈಕೊಟ್ಟದ್ದು ಆ ಆಶ್ಲೇಷ, ಮಘೆಗಳ ದಿನಗಳೇ. ರೈತನ ಪ್ರಶ್ನೆ ಸರಾಸರಿಯದಾಗಿರಲಿಲ್ಲ, ವಿತರಣೆಯದಾಗಿತ್ತು. ಉತ್ತರವಾಗಿ ಅವನಿಗೆ ತಲುಪಿದ್ದು ಮಾತ್ರ ಒಂದು ಸರಾಸರಿ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಜ್ಜಿಯ ನಾಲ್ಕು ಕವಡೆಗಳನ್ನು ಮೇಣ ಹಾಕಿ, ಬಾಯಿಗಳೆಲ್ಲ ಒಂದೇ ಕಡೆ ಬರುವಂತೆ ಅಂಟಿಸಿಬಿಟ್ಟಿರಿ ಎಂದುಕೊಳ್ಳಿ. ಒಂದೊಂದು ಕವಡೆಯನ್ನು ಬೇರೆಯಾಗಿ ನೋಡಿದರೆ ಈಗಲೂ ಅರ್ಧ ಸಲ ಬಾಯಿ ಮೇಲೆ, ಅರ್ಧ ಸಲ ಬೋರಲು. ಆದರೆ ಒಂದು, ಎರಡು, ಮೂರು ಎಂಬ ಗರಗಳು ಆಟದಿಂದಲೇ ಮಾಯ. ಇನ್ನು ಬೀಳುವುದು ಚೌಕ ಇಲ್ಲವೇ ಬಾರ, ನಡುವೆ ಏನೂ ಇಲ್ಲ. ಬಿಡಿ ಕವಡೆಯ ಗುಣ ಬದಲಾಗದೆಯೇ ಒಟ್ಟು ವಿತರಣೆ ತಲೆಕೆಳಗಾಯಿತು.

ಬರ ಎಂದರೆ ಅಂಟಿಸಿದ ಕವಡೆ. ಒಬ್ಬನ ಕೊಟ್ಟಿಗೆಗೆ ಬೆಂಕಿ ಬಿದ್ದರೆ ಪಕ್ಕದೂರಿನ ಕೊಟ್ಟಿಗೆಗೂ ಬೀಳಬೇಕೆಂದಿಲ್ಲ; ಅಂಥ ಬಿಡಿಬಿಡಿ ನಷ್ಟಗಳನ್ನು ಸಾವಿರಾರು ಜನ ಹಂಚಿಕೊಂಡರೆ ವಿಮೆ ನಿಲ್ಲುತ್ತದೆ. ಮಳೆ ಕೈಕೊಟ್ಟರೆ ಒಂದೇ ಸಲಕ್ಕೆ 223 ತಾಲ್ಲೂಕು ಮಕಾಡೆ. ಹಂಚಿಕೊಳ್ಳಬೇಕಾದ ನೆರೆಯವನ ಹೊಲವೂ ಒಣಗಿರುತ್ತದೆ. ಬೆಳೆ ವಿಮೆಯನ್ನು ರೈತರ ಕಂತಿನಿಂದ ಮಾತ್ರ ನಡೆಸಲಾಗದೆ ಸರ್ಕಾರದ ಹಣ ಬೇಕಾಗುವುದಕ್ಕೆ ಇದೂ ಒಂದು ಕಾರಣ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ 2. ಉಳಿದ ಕಂತನ್ನು ಕೇಂದ್ರ, ರಾಜ್ಯ ಸರ್ಕಾರಗಳು ತುಂಬುತ್ತವೆ. ಇದನ್ನು ದಾನವೆಂದು ಹಂಗಿಸುವವರಿದ್ದಾರೆ. ಅಂಟಿದ ಕವಡೆಯ ಲೆಕ್ಕ ತಿಳಿದವರು ಹಾಗೆ ಹಂಗಿಸಲಾರರು.

ಅದೇ ಯೋಜನೆಯ ಒಳಗೆ ಇನ್ನೊಂದು ಯಾದೃಚ್ಛಿಕ ಚಲಕ ಕೂತಿದೆ. ಅದರ ಬಗ್ಗೆ ರೈತ ಸಂಘಗಳೂ ಅಧಿಕಾರಿಗಳೂ ಇನ್ನಷ್ಟು ಮಾತಾಡಬೇಕು. ಬರದಂಥ ವ್ಯಾಪಕ ನಷ್ಟಕ್ಕೆ ಪರಿಹಾರ ನಿರ್ಧಾರವಾಗುವುದು ಒಬ್ಬೊಬ್ಬ ರೈತನ ಹೊಲ ನೋಡಿ ಅಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಘಟಕ. ಕಳೆದ ಏಳು ವರ್ಷಗಳಲ್ಲಿ ಒಳ್ಳೆಯ ಐದು ವರ್ಷಗಳ ಸರಾಸರಿ ಇಳುವರಿ ತೆಗೆದು, ಅದರ ಇಷ್ಟು ಭಾಗವೆಂದು ಒಂದು ಹೊಸ್ತಿಲು ಇಡುತ್ತಾರೆ. ಈ ವರ್ಷದ ಇಳುವರಿ ಹೊಸ್ತಿಲಿಗಿಂತ ಕೆಳಗಿದ್ದರೆ ಪರಿಹಾರ. ಈ ವರ್ಷದ ಇಳುವರಿ ತಿಳಿಯುವುದು ಮುಖ್ಯವಾಗಿ ಬೆಳೆ ಕಟಾವು ಪ್ರಯೋಗದಿಂದ: ಪಂಚಾಯಿತಿಯಲ್ಲಿ ಒಂದು ಬೆಳೆಗೆ ಸಾಮಾನ್ಯವಾಗಿ ನಾಲ್ಕು ಹೊಲ, ಒಂದೊಂದರಲ್ಲೂ ಅನೇಕ ಬೆಳೆಗಳಿಗೆ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ. ಚೌಕಾಬಾರಾ ಮನೆಯಂತೆಯೇ ಐದೈದು. ಆ ಚೌಕದ ಪೈರನ್ನು ಕೊಯ್ದು, ಒಕ್ಕಿ, ತೂಗುತ್ತಾರೆ. ನಾಲ್ಕು ತೂಕ ಸೇರಿ ಇಡೀ ಪಂಚಾಯಿತಿಯ ಭವಿಷ್ಯ ಬರೆಯುತ್ತವೆ.

ಕೊಂಬೆ ನೋಡಿ ಮರ ಎಣಿಸುವ ಈ ವಿದ್ಯೆ ನಮ್ಮ ಕತೆಗಳಿಗೂ ಹೊಸದಲ್ಲ. ಮಹಾಭಾರತದ ನಳೋಪಾಖ್ಯಾನದಲ್ಲಿ, ಕನಕದಾಸರ ‘ನಳಚರಿತ್ರೆ’ಯಿಂದಾಗಿ ಕನ್ನಡಿಗರಿಗೆ ಮನೆಮಾತಾದ ಅದೇ ಕತೆಯಲ್ಲಿ, ರಾಜ ಋತುಪರ್ಣ ರಥದಲ್ಲಿ ಹೋಗುತ್ತಲೇ ತಾರೆಮರದ ಎಲೆ ಕಾಯಿಗಳ ಲೆಕ್ಕ ಹೇಳುತ್ತಾನೆ. ಸಾರಥಿಯಾಗಿದ್ದ ನಳ ನಂಬದೆ ರಥ ನಿಲ್ಲಿಸಿ, ಮರ ಕಡಿದು ಎಣಿಸಿ ನೋಡುತ್ತಾನೆ, ಸರಿಯಾಗಿರುತ್ತದೆ. ಋತುಪರ್ಣನಿಗೆ ಪಗಡೆಯ ಮರ್ಮವಾದ ಅಕ್ಷಹೃದಯವೂ ಗೊತ್ತು, ಎಣಿಕೆಯೂ ಗೊತ್ತು. ದಾಳದ ಗುಣ ತಿಳಿಯುವುದೂ ಸ್ವಲ್ಪ ನೋಡಿ ಬಹಳವನ್ನು ಅಂದಾಜು ಮಾಡುವುದೂ ಒಂದೇ ವಿದ್ಯೆಯ ಎರಡು ಕೈಗಳೆಂದು ಆ ಕತೆ ಕಟ್ಟಿದವರಿಗೆ ಹೊಳೆದಿತ್ತು. ನಮ್ಮ ಕಾಲದಲ್ಲಿ ಆ ವಿದ್ಯೆಯನ್ನು ಹೊಲಕ್ಕಿಳಿಸಿದವರು 1931ರಲ್ಲಿ ಕೋಲ್ಕತ್ತದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದ ಪಿ.ಸಿ. ಮಹಾಲನೋಬಿಸ್ ಮತ್ತು ಕೃಷಿ ಸಂಶೋಧನಾ ಮಂಡಳಿಯಲ್ಲಿದ್ದ ಸುಖಾತ್ಮೆ, ಪಾನ್ಸೆ. ಕೊಯ್ಲಿನ ಚೌಕ ಚಿಕ್ಕದಾದರೆ ಅಂಚಿನ ಗಿಡಗಳನ್ನು ಒಳಗೆ ಸೇರಿಸಿಕೊಂಡು ಇಳುವರಿ ಹೆಚ್ಚು ತೋರುತ್ತದೆ ಎಂದು ಅವರ ನಡುವೆ ದೊಡ್ಡ ವಾದವೇ ನಡೆಯಿತು.

ನಾಲ್ಕು ಕಟಾವು ಸಾಕೇ? ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಪಂಚಾಯಿತಿಯ ನಿಜವಾದ ಸರಾಸರಿ ಎಕರೆಗೆ 8 ಕ್ವಿಂಟಲ್, ಹೊಸ್ತಿಲು 9. ಪರಿಹಾರ ಸಿಗಲೇಬೇಕು. ಆದರೆ ಹೊಲದಿಂದ ಹೊಲಕ್ಕೆ ಇಳುವರಿ ಏರಿಳಿಯುತ್ತದೆ. ಆ ಏರಿಳಿತದ ಅಳತೆಯಾದ ಮಾನಕ ವಿಚಲನೆ 4 ಕ್ವಿಂಟಲ್ ಎಂದಿರಲಿ. ನಾಲ್ಕು ಹೊಲಗಳ ಸರಾಸರಿಯ ಏರಿಳಿತ ಅದರ ಅರ್ಧ, 2 ಕ್ವಿಂಟಲ್. ಹರಡುವಿಕೆ ಗಂಟೆಯಾಕಾರದ್ದಾದರೆ, ನಾಲ್ಕು ಕಟಾವುಗಳ ಸರಾಸರಿ 9ನ್ನು ದಾಟಿಬಿಡುವ ಸಂಭವ ನೂರಕ್ಕೆ 31. ಯಾರೂ ಮೋಸ ಮಾಡದೆ, ತೂಕದಲ್ಲಿ ಒಂದು ಗ್ರಾಂ ತಪ್ಪದೆ, ಇಂಥ ನೂರು ಪಂಚಾಯಿತಿಗಳಲ್ಲಿ ಸುಮಾರು 31ಕ್ಕೆ ಪರಿಹಾರ ತಪ್ಪುತ್ತದೆ. ಕಟಾವನ್ನು 16ಕ್ಕೆ ಏರಿಸಿದರೆ ಅದು 16ಕ್ಕೆ ಇಳಿಯುತ್ತದೆ. ಕೆಲಸ ನಾಲ್ಕು ಪಟ್ಟು, ತಪ್ಪು ಅರ್ಧ.

ಜಾಣ ಸೂತ್ರವೊಂದನ್ನು ಹುಡುಕಿ ಆ ನಾಲ್ಕೇ ಕಟಾವಿನಿಂದ ಇನ್ನಷ್ಟು ನಿಖರತೆ ಹಿಂಡಲಾಗದೇ? ಅದಕ್ಕೆ ಎಲ್ಲೆ ಇದೆ ಎಂದು ತೋರಿಸಿದವರು ಹುಟ್ಟಿದ್ದು ಮಲ್ಲಿಗೆಗೆ ಹೆಸರಾದ ಹೂವಿನಹಡಗಲಿಯಲ್ಲಿ. 1920ರ ಸೆಪ್ಟೆಂಬರ್ 10ರಂದು ಅಲ್ಲಿನ ತೆಲುಗು ಮನೆಯೊಂದರಲ್ಲಿ ಜನಿಸಿದ ಸಿ.ಆರ್. ರಾವ್, 25ರ ವಯಸ್ಸಿನಲ್ಲಿ, 1945ರಲ್ಲಿ ಕೋಲ್ಕತ್ತದ ಗಣಿತ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಫಲಿತಾಂಶ ಇಂದು ಕ್ರಾಮರ್–ರಾವ್ ಎಲ್ಲೆ ಎಂದು ಜಗತ್ತಿಗೆಲ್ಲ ಗೊತ್ತು. ಒಂದು ಮಾದರಿಯಲ್ಲಿ ಎಷ್ಟು ಮಾಹಿತಿ ಇದೆಯೋ ಅದು ಬಿಟ್ಟುಕೊಡುವ ನಿಖರತೆಗೂ ಅಷ್ಟೇ ಮಿತಿ. ಪಕ್ಷಪಾತವಿಲ್ಲದ ಯಾವ ಅಂದಾಜೂ ಆ ಗೆರೆ ದಾಟಲಾರದು. ಗಂಟೆಯಾಕಾರದ ಹರಡುವಿಕೆಯಲ್ಲಿ ಸಾದಾ ಸರಾಸರಿಯೇ ಆ ಗೆರೆಯನ್ನು ಮುಟ್ಟಿಬಿಟ್ಟಿರುತ್ತದೆ. ಅಂದರೆ ನಾಲ್ಕು ಚೌಕಗಳಿಂದ ಹೆಚ್ಚು ನ್ಯಾಯ ಬೇಕಾದರೆ ಇನ್ನಷ್ಟು ಚೌಕ ಕೊಯ್ಯಬೇಕು, ಇಲ್ಲವೇ ಹೊಸ ಮಾಹಿತಿ ತರಬೇಕು. ಅಡ್ಡದಾರಿ ಇಲ್ಲ. ರಾವ್ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂದದ್ದು 2023ರಲ್ಲಿ, 102ರ ವಯಸ್ಸಿನಲ್ಲಿ. ಅದೇ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಅವರು ಹುಟ್ಟಿದ ಸೀಮೆ ಆಗ ಮಳೆಗಾಗಿ ಕಾಯುತ್ತಿತ್ತು.

ಮುನ್ಸೂಚನೆ ಇನ್ನಷ್ಟು ನಿಖರವಾಗಲಿ ಎಂದು ಎಲ್ಲರೂ ಕೇಳುತ್ತಾರೆ, ಕೇಳಬೇಕು. ಆದರೆ ಕೈಯಲ್ಲಿರುವ ಮುನ್ಸೂಚನೆಯನ್ನೇ ಪೂರ್ತಿ ಓದುವುದಕ್ಕೆ ಹೊಸ ಉಪಗ್ರಹ ಬೇಕಿಲ್ಲ. ಕೊರತೆಯ ಸಂಭವ ನೂರಕ್ಕೆ 22 ಎಂದು ತಿಳಿದವನು ಇದ್ದ ಹೊಲವನ್ನೆಲ್ಲ ಮುಸುಕಿನಜೋಳಕ್ಕೆ ಬಿಡದೆ ಎರಡು ಎಕರೆ ನವಣೆಗೋ ಹುರುಳಿಗೋ ಇಟ್ಟುಕೊಂಡಾನು. ವಿಮೆಯ ಕಂತು ಕಟ್ಟುವ ಕೊನೆಯ ದಿನವನ್ನು ಮರೆಯದೆ ಇದ್ದಾನು. ಜಿಲ್ಲಾಡಳಿತ ಮೇವಿನ ಲೆಕ್ಕವನ್ನು ಜೂನ್‌ಗೆ ಮೊದಲೇ ಹಾಕೀತು. ಇವೆಲ್ಲ ಒಂದು ಅಂಕಿಯಿಂದ ಹೊರಡದ ತೀರ್ಮಾನಗಳು.

ಆದ್ದರಿಂದ ಪತ್ರಿಕೆಗಳ ಸಂಪಾದಕರಲ್ಲಿ, ಟಿ.ವಿ. ವಾಹಿನಿಗಳಲ್ಲಿ, ಕೃಷಿ ಇಲಾಖೆಯಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಏಪ್ರಿಲ್‌ನಲ್ಲಿ ಮುಂಗಾರಿನ ಮುನ್ಸೂಚನೆ ಬಂದಾಗ ಶೀರ್ಷಿಕೆಯ ಅಂಕಿಯ ಜೊತೆಗೆ ಆ ಐದು ಅಂಕಿಗಳನ್ನೂ ಹಾಕಿ. ಹೋಬಳಿಯ ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ ಬರೆಸಿ. ಐದನ್ನೂ ಬರೆಯಲು ಒಂದೇ ಸಾಲು ಬೇಕು.